ಅರಿಜೋನಾ ಬರೀ ಮರುಭೂಮಿಯಲ್ಲ: ನೆಲ, ಹವೆ, ನೀರು, ಇತಿಹಾಸ ಕುರಿತ ಚರ್ಚೆ

ನಕ್ಷೆಗಾರ

ಅಮೆರಿಕದ ಅರಿಜೋನಾ ರಾಜ್ಯ ಅಂದರೆ ಕಳ್ಳಿ, ಮರಳು, ಬಿಸಿಲು ಅಂತ ಬರೆದು ಮುಗಿಸುವ ಪರಿಚಯಗಳೇ ಕನ್ನಡದಲ್ಲಿ ಹೆಚ್ಚು. ಹಾಗೆ ಬರೆದರೆ ಅರ್ಧ ರಾಜ್ಯ ಬಿಟ್ಟೇಹೋಗುತ್ತದೆ. ಅಲ್ಲಿನ ಹವೆ, ಕಾಡು, ಬೇಸಾಯ ಯಾವುದನ್ನು ತಿಳಿಯಬೇಕಾದರೂ ಮೊದಲು ನೋಡಬೇಕಾದದ್ದು ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನ. ಅಲ್ಲಿಂದಲೇ ಶುರು ಮಾಡುತ್ತೇನೆ, ಗೊತ್ತಿರುವವರು ಸೇರಿಸುತ್ತಾ ಹೋಗಿ.

ವಿಸ್ತೀರ್ಣ ಸುಮಾರು 2,95,000 ಚದರ ಕಿ.ಮೀ., ಅಂದರೆ ಕರ್ನಾಟಕದ ಒಂದೂವರೆ ಪಟ್ಟು. ಜನ ಮಾತ್ರ 2020ರ ಜನಗಣತಿಯಲ್ಲಿ 71.5 ಲಕ್ಷ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಫೀನಿಕ್ಸ್ ಇರುವ ಮರಿಕೋಪಾ ಕೌಂಟಿ (ಜಿಲ್ಲೆ) ಒಂದರಲ್ಲೇ.

ನಕ್ಷೆಯಲ್ಲಿ ವಾಯವ್ಯದಿಂದ ಆಗ್ನೇಯಕ್ಕೆ ಒಂದು ಓರೆ ಗೆರೆ ಎಳೆಯಿರಿ. ಗೆರೆಯ ಈಶಾನ್ಯಕ್ಕೆ ಕೊಲೊರಾಡೊ ಪ್ರಸ್ಥಭೂಮಿ, ಬಹುಪಾಲು 1,500 ಮೀಟರ್‌ಗಿಂತ ಮೇಲೆ. ನೈಋತ್ಯಕ್ಕೆ ಬಯಲು: ಒಂದಕ್ಕೊಂದು ಅಂಟದ ಕಿರಿದಾದ ಬೆಟ್ಟಸಾಲುಗಳು, ನಡುನಡುವೆ ಮೆಕ್ಕಲು ತುಂಬಿದ ಅಗಲ ಕಣಿವೆಗಳು. ಫೀನಿಕ್ಸ್, ಟೂಸಾನ್, ಯೂಮಾ ಮೂರೂ ಈ ಬಯಲಿನವು. ಎರಡರ ನಡುವೆ ಪ್ರಸ್ಥಭೂಮಿಯ ಅಂಚು ಕಡಿದಾಗಿ ಇಳಿಯುತ್ತದೆ. ಆ ಅಂಚಿನ ಹೆಸರು ಮೊಗಿಯಾನ್ ರಿಮ್, ಉದ್ದ ಸುಮಾರು 320 ಕಿ.ಮೀ. ಮೇಲುಗಡೆ ಪಾಂಡೆರೋಸಾ ಪೈನ್ ಮರಗಳ ದೊಡ್ಡ ಕಾಡು; ಕೆಳಗಡೆ ಇಳಿದ ಹಾಗೆ ಕುರುಚಲು, ಆಮೇಲೆ ಸವಾರೊ ಕಳ್ಳಿ.

ರಾಜ್ಯದ ಅತಿ ತಗ್ಗು ಜಾಗ ಯೂಮಾ ಹತ್ತಿರ ಕೊಲೊರಾಡೊ ನದಿ ಮೆಕ್ಸಿಕೊಗೆ ದಾಟುವಲ್ಲಿ, ಸಮುದ್ರಮಟ್ಟದಿಂದ ಇಪ್ಪತ್ತು ಚಿಲ್ಲರೆ ಮೀಟರ್. ಅತಿ ಎತ್ತರ ಫ್ಲ್ಯಾಗ್‌ಸ್ಟಾಫ್ ಬಳಿಯ ಹಂಫ್ರೀಸ್ ಶಿಖರ, 3,851 ಮೀಟರ್. ಒಂದೇ ರಾಜ್ಯದೊಳಗೆ ಇಷ್ಟು ಅಂತರ.

ಮಳೆಮಾಪಕ

ಇದಕ್ಕೆ ಅಂಕಿ ಸೇರಿಸುತ್ತೇನೆ. ಫೀನಿಕ್ಸ್ 331 ಮೀಟರ್ ಎತ್ತರದಲ್ಲಿದೆ, ಫ್ಲ್ಯಾಗ್‌ಸ್ಟಾಫ್ ಸುಮಾರು 2,100. ರಸ್ತೆಯಲ್ಲಿ 230 ಕಿ.ಮೀ., ಎರಡು-ಎರಡೂವರೆ ಗಂಟೆ. ಜುಲೈನಲ್ಲಿ ಫೀನಿಕ್ಸ್‌ನ ಸರಾಸರಿ ಗರಿಷ್ಠ 41 ಡಿಗ್ರಿ ಸೆಲ್ಸಿಯಸ್, ಫ್ಲ್ಯಾಗ್‌ಸ್ಟಾಫ್‌ನದು 28ರ ಆಸುಪಾಸು. ಜನವರಿಯಲ್ಲಿ ಫೀನಿಕ್ಸ್‌ನಲ್ಲಿ ಮಧ್ಯಾಹ್ನ 20 ಡಿಗ್ರಿ, ಫ್ಲ್ಯಾಗ್‌ಸ್ಟಾಫ್‌ನಲ್ಲಿ ರಾತ್ರಿ ಮೈನಸ್ 8. ಅಲ್ಲಿ ವರ್ಷಕ್ಕೆ ಎರಡು ಮೀಟರ್‌ಗೂ ಮಿಕ್ಕಿ ಹಿಮ ಬೀಳುತ್ತದೆ.

ದಾಖಲೆಗಳನ್ನು ನೋಡಿದರೆ ಇನ್ನೂ ಸ್ಪಷ್ಟ. ಅತಿ ಹೆಚ್ಚು ತಾಪ ಲೇಕ್ ಹವಸು ಸಿಟಿಯಲ್ಲಿ 1994ರ ಜೂನ್ 29ರಂದು 53.3 ಡಿಗ್ರಿ. ಅತಿ ಕಡಿಮೆ ಹಾಲಿ ಲೇಕ್ ಅನ್ನುವ ಜಾಗದಲ್ಲಿ 1971ರ ಜನವರಿ 7ರಂದು ಮೈನಸ್ 40. ಎರಡೂ ಒಂದೇ ರಾಜ್ಯದ ಊರುಗಳು!

ಮಳೆ: ಯೂಮಾದಲ್ಲಿ ವರ್ಷಕ್ಕೆ 80 ಮಿ.ಮೀ. ಆಸುಪಾಸು, ಫೀನಿಕ್ಸ್‌ನಲ್ಲಿ ಸುಮಾರು 183, ಟೂಸಾನ್‌ನಲ್ಲಿ 270. ಟೂಸಾನ್ ಫೀನಿಕ್ಸ್‌ಗಿಂತ ದಕ್ಷಿಣಕ್ಕಿದ್ದೂ ತಂಪು, ಮಳೆಯೂ ಹೆಚ್ಚು. ಕಾರಣ ಅದೇ ಎತ್ತರ, 730 ಮೀಟರ್. ದಕ್ಷಿಣಕ್ಕೆ ಹೋದಷ್ಟೂ ಸೆಕೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಫೀನಿಕ್ಸ್ ಸೆಕೆಯ ಬಗ್ಗೆ ಬರೆಯುವವರು ಹಗಲಿನ ಅಂಕಿ ಮಾತ್ರ ಕೊಡುತ್ತಾರೆ. ನಿಜವಾದ ಕಷ್ಟ ರಾತ್ರಿಯದು. ಡಾಂಬರು, ಕಾಂಕ್ರೀಟು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಬಿಡುತ್ತವೆ. 2023ರ ಜುಲೈ 19ರಂದು ಅಲ್ಲಿನ ಕನಿಷ್ಠ ತಾಪವೇ 36 ಡಿಗ್ರಿ. ಆ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು, ಮರಿಕೋಪಾ ಕೌಂಟಿ ಆ ವರ್ಷ 645 ಸಾವುಗಳನ್ನು ಶಾಖಕ್ಕೆ ಸಂಬಂಧಿಸಿದ್ದೆಂದು ದಾಖಲಿಸಿತು. ಸತ್ತವರಲ್ಲಿ ಬಹಳ ಮಂದಿ ಮನೆ ಇಲ್ಲದವರು. ಮನೆಯೊಳಗೆ ಸತ್ತವರ ವಿಷಯದಲ್ಲಿ ಏಸಿ ಕೆಟ್ಟಿದ್ದು ಅಥವಾ ಹಾಕದೆ ಇದ್ದದ್ದು ಮತ್ತೆ ಮತ್ತೆ ಕಾಣಿಸುತ್ತದೆ. ಮೇ ತಿಂಗಳಲ್ಲೇ ಏಸಿ ಪರೀಕ್ಷೆ ಮಾಡಿಸಿ ಅಂತ ಅಲ್ಲಿ ಎಲ್ಲರೂ ಹೇಳುವುದು ಸುಮ್ಮನೆ ಅಲ್ಲ.

ಬಯಲುಸೀಮೆ

ಅಲ್ಲೂ ಮಾನ್ಸೂನ್ ಇದೆ ಅಂತಾರಲ್ಲ, ಅದು ನಮ್ಮ ಮುಂಗಾರಿನ ತರಹಾನೇ? ಇಷ್ಟು ಒಣ ಪ್ರದೇಶಕ್ಕೆ ಯಾವ ಕಡಲಿಂದ ತೇವ ಬರುತ್ತೆ?

ಮಳೆಮಾಪಕ

ತತ್ವ ಒಂದೇ, ಗಾತ್ರ ಬೇರೆ. ಬೇಸಿಗೆಯಲ್ಲಿ ಮರುಭೂಮಿ ಕಾದು ನೆಲದ ಮೇಲೆ ಕಡಿಮೆ ಒತ್ತಡ ಆಗುತ್ತದೆ. ಜೊತೆಗೆ ಮೇಲಿನ ಗಾಳಿಯ ಹೆಚ್ಚೊತ್ತಡದ ಕೇಂದ್ರ ಉತ್ತರಕ್ಕೆ ಸರಿಯುತ್ತದೆ. ವರ್ಷದ ಉಳಿದ ಕಾಲ ಪಶ್ಚಿಮದಿಂದ ಬೀಸುತ್ತಿದ್ದ ಗಾಳಿ ಆಗ ದಕ್ಷಿಣ, ಆಗ್ನೇಯದಿಂದ ಬೀಸತೊಡಗಿ ಕ್ಯಾಲಿಫೋರ್ನಿಯಾ ಕೊಲ್ಲಿಯ ತೇವವನ್ನೂ ಮೆಕ್ಸಿಕೊ ಕೊಲ್ಲಿಯ ತೇವವನ್ನೂ ತರುತ್ತದೆ. ನಮ್ಮಲ್ಲಿ ಅರಬ್ಬೀ ಸಮುದ್ರ ಪಕ್ಕದಲ್ಲೇ ಇದೆ, ಗಾಳಿ ನೇರವಾಗಿ ಘಟ್ಟಕ್ಕೆ ಬಡಿಯುತ್ತೆ, ವಾರಗಟ್ಟಲೆ ಜಡಿಮಳೆ ಆಗುತ್ತೆ. ಅಲ್ಲಿ ಜಡಿಮಳೆ ಅನ್ನೋದೇ ಇಲ್ಲ. ಬೆಳಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತೆ. ಮಧ್ಯಾಹ್ನ ಮೊಗಿಯಾನ್ ರಿಮ್ ಮೇಲೆ ಮೋಡ ಕಟ್ಟುತ್ತೆ, ಸಂಜೆ ಆ ಮೋಡಗಳಿಂದ ಇಳಿದ ತಣ್ಣನೆ ಗಾಳಿ ಕೆಳಗಿನ ಬಯಲಿಗೆ ನುಗ್ಗಿ ಹೊಸ ಗುಡುಗುಮಳೆ ಎಬ್ಬಿಸುತ್ತೆ. ಒಂದು ಬಡಾವಣೆಯಲ್ಲಿ ಚರಂಡಿ ತುಂಬಿ ಹರಿದರೆ ಪಕ್ಕದ ಬಡಾವಣೆಯಲ್ಲಿ ಧೂಳು ಮಾತ್ರ.

2008ರಿಂದ ಹವಾಮಾನ ಇಲಾಖೆ ಜೂನ್ 15ರಿಂದ ಸೆಪ್ಟೆಂಬರ್ 30 ಅಂತ ಹಂಗಾಮನ್ನು ನಿಗದಿ ಮಾಡಿದೆ. ಅದಕ್ಕೂ ಮೊದಲು ಫೀನಿಕ್ಸ್‌ನಲ್ಲಿ ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗತೊಡಗುವ ತಾಪ) ಸತತ ಮೂರು ದಿನ 55 ಫ್ಯಾರನ್‌ಹೀಟ್, ಅಂದರೆ 13 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾನ್ಸೂನ್ ಬಂತು ಅಂತ ಲೆಕ್ಕ. ಈ ಹಳೇ ಲೆಕ್ಕ ಮನೆಮಂದಿಗೆ ಇವತ್ತಿಗೂ ಉಪಯೋಗ. ನೀರು ಆವಿಯಾಗಿಸಿ ತಂಪು ಮಾಡುವ ಕೂಲರ್‌ಗಳು ಮೇ, ಜೂನ್‌ನ ಒಣ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಇಬ್ಬನಿ ಬಿಂದು ಆ 13 ಡಿಗ್ರಿ ದಾಟಿತೋ, ಮನೆಯೊಳಗೆ ತಂಪಿನ ಬದಲು ಬರೀ ಜಿಗುಟು.

ಚಳಿಗಾಲದ್ದು ಬೇರೆ ಮಳೆ: ಪೆಸಿಫಿಕ್ ಕಡೆಯಿಂದ ಬರುವ ಮಾರುತ, ದಿನವಿಡೀ ಸಣ್ಣಗೆ ಹನಿಯುವಂಥದ್ದು. ಬೆಟ್ಟಗಳಲ್ಲಿ ಅದೇ ಹಿಮ. ಜಲಾಶಯ ತುಂಬೋದು ಮುಖ್ಯವಾಗಿ ಈ ಹಿಮ ಕರಗಿದ ನೀರಿನಿಂದ, ಬೇಸಿಗೆ ಗುಡುಗುಮಳೆಯಿಂದ ಅಲ್ಲ. ಇದನ್ನು ಬಹಳ ಜನ ತಿರುಗುಮುರುಗಾಗಿ ಬರೆಯುತ್ತಾರೆ.

ಏರಿಳಿತವೂ ವಿಪರೀತ. 2014ರ ಸೆಪ್ಟೆಂಬರ್ 8ರಂದು ಒಂದೇ ದಿನ ಫೀನಿಕ್ಸ್‌ನಲ್ಲಿ 84 ಮಿ.ಮೀ. ಸುರಿಯಿತು. 2023ರ ಇಡೀ ಮಾನ್ಸೂನ್ ಹಂಗಾಮಿನಲ್ಲಿ ಅಲ್ಲಿನ ವಿಮಾನ ನಿಲ್ದಾಣದ ಮಾಪಕಕ್ಕೆ 4 ಮಿ.ಮೀ. ಕೂಡ ಬೀಳಲಿಲ್ಲ.

ಹೆದ್ದಾರಿ

ಆ ತಣ್ಣನೆ ಗಾಳಿ ಬಯಲಿನ ಉಳುಮೆ ಮಾಡಿದ, ಖಾಲಿ ಬಿದ್ದ ಹೊಲಗಳ ಮೇಲೆ ನುಗ್ಗಿದಾಗಲೇ ಧೂಳಿನ ಗೋಡೆ ಏಳುವುದು. 2011ರ ಜುಲೈ 5ರಂದು ಫೀನಿಕ್ಸ್ ಮೇಲೆ ಬಂದದ್ದು ಒಂದೂವರೆ ಕಿ.ಮೀ.ಗೂ ಎತ್ತರ. ಫೀನಿಕ್ಸ್-ಟೂಸಾನ್ ನಡುವಿನ ಹೆದ್ದಾರಿಯಲ್ಲಿ ಇದು ಪ್ರತಿ ಬೇಸಿಗೆಯ ಅಪಾಯ.

ಎದುರಿಗೆ ಧೂಳು ಕಂಡರೆ ಒಳಗೆ ನುಗ್ಗಬೇಡಿ, ಮುಂಚಿನ ತಿರುವಿನಲ್ಲೇ ಹೊರಬನ್ನಿ. ಒಳಗೆ ಸಿಕ್ಕಿಬಿದ್ದರೆ ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ಎಷ್ಟು ದೂರ ಸಾಧ್ಯವೋ ಅಷ್ಟು. ಎಲ್ಲ ದೀಪ ಆರಿಸಿ, ಮಿಣುಕುವ ಇಂಡಿಕೇಟರ್ ಕೂಡ. ಹ್ಯಾಂಡ್‌ಬ್ರೇಕ್ ಹಾಕಿ ಬ್ರೇಕ್ ಪೆಡಲ್‌ನಿಂದ ಕಾಲು ತೆಗೆಯಿರಿ. ಬೆಲ್ಟ್ ಬಿಚ್ಚಬೇಡಿ. ದೀಪ ಯಾಕೆ ಆರಿಸಬೇಕು ಅಂದರೆ, ಏನೂ ಕಾಣದ ಹಿಂದಿನ ಚಾಲಕ ನಿಮ್ಮ ಕೆಂಪು ದೀಪವನ್ನೇ ರಸ್ತೆ ಅಂದುಕೊಂಡು ಹಿಂಬಾಲಿಸಿ ಬಂದು ಗುದ್ದುತ್ತಾನೆ. ನಮ್ಮಲ್ಲಿ ಮಂಜಿನಲ್ಲಿ ಇಂಡಿಕೇಟರ್ ಹಾಕುವ ಅಭ್ಯಾಸ ಇರುವವರಿಗೆ ಇದು ಒಗ್ಗುವುದಿಲ್ಲ, ಆದರೆ ಅಲ್ಲಿ ಸಾರಿಗೆ ಇಲಾಖೆ ಹೇಳಿಕೊಡುವುದೇ ಹೀಗೆ.

ಒಣ ಹಳ್ಳಗಳದು ಇನ್ನೊಂದು ಕಥೆ. ರಸ್ತೆಗಳು ಬಹಳ ಕಡೆ ಸೇತುವೆ ಇಲ್ಲದೆ ಹಳ್ಳದ ತಳದಲ್ಲೇ ದಾಟುತ್ತವೆ. ಮಳೆ ನಿಮ್ಮ ತಲೆ ಮೇಲೆ ಬೀಳಬೇಕಂತಿಲ್ಲ. 1997ರ ಆಗಸ್ಟ್ 12ರಂದು ಪೇಜ್ ಊರಿನ ಬಳಿ ಕೆಳ ಆಂಟಿಲೋಪ್ ಕ್ಯಾನ್ಯನ್ ಅನ್ನುವ ಇಕ್ಕಟ್ಟು ಕಮರಿಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದ ಮೇಲ್ಭಾಗದಲ್ಲಿ. ಅಡ್ಡಗಟ್ಟೆ ಹಾಕಿದ ಹಳ್ಳಕ್ಕೆ ಗಾಡಿ ಇಳಿಸಿ ಸಿಕ್ಕಿಕೊಂಡರೆ ರಕ್ಷಣೆಯ ಖರ್ಚನ್ನು ಚಾಲಕನಿಂದಲೇ ವಸೂಲಿ ಮಾಡುವ ಕಾನೂನೂ ಅಲ್ಲಿದೆ.

ನಾಲೆನೀರು

ಇನ್ನು ನೀರಿನ ವಿಚಾರ. ಎಕರೆ-ಅಡಿ ಅಂತ ಬರೆದರೆ ನಮ್ಮವರಿಗೆ ತಲೆಗೆ ಹೋಗುವುದಿಲ್ಲ, ಅದಕ್ಕೆ ಟಿಎಂಸಿಯಲ್ಲಿ ಹೇಳುತ್ತೇನೆ. ಒಂದು ಟಿಎಂಸಿ ಅಂದರೆ ಹತ್ತಿರ ಹತ್ತಿರ 22,957 ಎಕರೆ-ಅಡಿ.

ಕೊಲೊರಾಡೊ ನದಿಯನ್ನು ಏಳು ರಾಜ್ಯಗಳು ಹಂಚಿಕೊಂಡದ್ದು 1922ರ ಒಪ್ಪಂದದಲ್ಲಿ. ಮೇಲ್ದಂಡೆಗೆ 75 ಲಕ್ಷ ಎಕರೆ-ಅಡಿ, ಕೆಳದಂಡೆಗೆ 75 ಲಕ್ಷ, ಅಂದರೆ ತಲಾ 327 ಟಿಎಂಸಿ. ಕೆಳದಂಡೆಯ ಪಾಲಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ 192, ಅರಿಜೋನಾಕ್ಕೆ 122, ನೆವಾಡಾಕ್ಕೆ 13. ಆಮೇಲೆ 1944ರ ಒಡಂಬಡಿಕೆಯಲ್ಲಿ ಮೆಕ್ಸಿಕೊಗೆ 65. ಗೊತ್ತಾಗಬೇಕಾದ ವಿಷಯ ಏನೆಂದರೆ, 1922ರಲ್ಲಿ ನದಿಯ ಹರಿವನ್ನು ಅಂದಾಜು ಮಾಡಿದ್ದು ಹೆಚ್ಚು ನೀರು ಬಂದ ವರ್ಷಗಳ ಲೆಕ್ಕ ಹಿಡಿದು. ಒಟ್ಟು ಹಂಚಿಕೆ 700 ಟಿಎಂಸಿ ದಾಟುತ್ತದೆ. 2000ದಿಂದ ಈಚೆಗೆ ಸರಾಸರಿ ಹರಿವು ಹೆಚ್ಚೂಕಡಿಮೆ 540. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದ್ದೇ ಇವತ್ತಿನ ಎಲ್ಲ ಜಗಳಕ್ಕೂ ಬೇರು.

ಅರಿಜೋನಾ ಈ ಒಪ್ಪಂದವನ್ನು 1944ರವರೆಗೂ ಅನುಮೋದಿಸಲೇ ಇಲ್ಲ. 1934ರಲ್ಲಂತೂ ಕ್ಯಾಲಿಫೋರ್ನಿಯಾಕ್ಕೆ ನೀರು ಒಯ್ಯಲು ಕಟ್ಟುತ್ತಿದ್ದ ಪಾರ್ಕರ್ ಅಣೆಕಟ್ಟಿನ ಕೆಲಸ ತಡೆಯಲು ಗವರ್ನರ್ ಬೆಂಜಮಿನ್ ಮೂರ್ ನ್ಯಾಷನಲ್ ಗಾರ್ಡ್ ಪಡೆಯನ್ನೇ ನದಿ ದಂಡೆಗೆ ಕಳಿಸಿದರು. 1963ರಲ್ಲಿ ಸುಪ್ರೀಂ ಕೋರ್ಟ್ ಅರಿಜೋನಾ ಪಾಲನ್ನು ಎತ್ತಿಹಿಡಿಯಿತು. 1968ರಲ್ಲಿ ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್‌ಗೆ ಮಂಜೂರಾತಿ ಸಿಕ್ಕಿತು: ಕೊಲೊರಾಡೊ ನದಿಯ ಹವಸು ಸರೋವರದಿಂದ ಫೀನಿಕ್ಸ್ ದಾಟಿ ಟೂಸಾನ್‌ನ ಆಚೆಗೆ 541 ಕಿ.ಮೀ. ನಾಲೆ, ದಾರಿಯಲ್ಲಿ ನೀರನ್ನು ಒಟ್ಟು 880 ಮೀಟರ್‌ನಷ್ಟು ಪಂಪ್ ಮಾಡಿ ಮೇಲೆತ್ತಬೇಕು. ಮುಗಿದದ್ದು 1993ರಲ್ಲಿ.

ಮಂಜೂರಾತಿಗೆ ತೆತ್ತ ಬೆಲೆ ದೊಡ್ಡದು. ನೀರು ಕಡಿಮೆಯಾದ ವರ್ಷ ಕ್ಯಾಲಿಫೋರ್ನಿಯಾದ ಪಾಲು ಮುಟ್ಟುವ ಮೊದಲು ಈ ನಾಲೆಯ ನೀರು ಕಡಿತ ಆಗಬೇಕು ಅಂತ ಒಪ್ಪಿಕೊಂಡರು. 2022ರಲ್ಲಿ ಆಗಿದ್ದೂ ಅದೇ. 22 ಟಿಎಂಸಿ, ಅಂದರೆ ರಾಜ್ಯದ ಪಾಲಿನ ಶೇ. 18 ಖೋತಾ ಆಯಿತು, ಏಟು ಬಿದ್ದದ್ದು ಪೀನಲ್ ಕೌಂಟಿಯ ಹತ್ತಿ, ಕುದುರೆಮಸಾಲೆ ಸೊಪ್ಪು ಬೆಳೆಯುವ ರೈತರಿಗೆ. ಯೂಮಾದ ರೈತರ ಹಕ್ಕು ಹಳೆಯದು, ಅವರ ನಾಲೆ ಹರಿಯುತ್ತಲೇ ಇತ್ತು. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಲೆಟ್ಯೂಸ್ ಮುಂತಾದ ಸೊಪ್ಪಿನ ಬಹುದೊಡ್ಡ ಭಾಗ ಬೆಳೆಯುವುದು ಆ ಯೂಮಾದಲ್ಲೇ.

ಪ್ರತಿ ವರ್ಷ ಏನಾಗುತ್ತದೆ ಅಂತ ತಿಳಿಯಬೇಕಾದರೆ ಆಗಸ್ಟ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಜಲ ಇಲಾಖೆಯಾದ ಬ್ಯೂರೋ ಆಫ್ ರೆಕ್ಲಮೇಶನ್ ಹೊರಡಿಸುವ 24 ತಿಂಗಳ ಅಂದಾಜು ವರದಿ ನೋಡಿ. ಹೂವರ್ ಅಣೆಕಟ್ಟಿನ ಜಲಾಶಯವಾದ ಮೀಡ್ ಸರೋವರದ ಮುಂದಿನ ಜನವರಿ 1ರ ಮಟ್ಟ ಸಮುದ್ರಮಟ್ಟದಿಂದ 1,075 ಅಡಿಗಿಂತ ಕೆಳಗೆ ಅಂತಿದ್ದರೆ ಮೊದಲ ಹಂತದ ಕಡಿತ, 1,050ಕ್ಕಿಂತ ಕೆಳಗಾದರೆ ಎರಡನೆಯದು, 1,025ಕ್ಕೆ ಮೂರನೆಯದು. 895ಕ್ಕೆ ಇಳಿದರೆ ಹೂವರ್ ಅಣೆಕಟ್ಟಿನಿಂದ ನೀರು ಕೆಳಗೆ ಹರಿಯುವುದೇ ನಿಲ್ಲುತ್ತದೆ. ಈ ಹಂತಗಳನ್ನು ಗೊತ್ತುಮಾಡಿದ 2007ರ ಮಾರ್ಗಸೂಚಿಯ ಅವಧಿ 2026ರ ಕೊನೆವರೆಗೆ.

ಬಯಲುಸೀಮೆ

ಅಂದ್ರೆ ಅದು ಅಲ್ಲಿನ ಕಾವೇರಿ ಅನ್ನಿ.

ನಾಲೆನೀರು

ಒಂದು ಜಾಗದಲ್ಲಿ ಹೌದು. ಅರಿಜೋನಾದ ಉತ್ತರದಲ್ಲಿ ಲೀ ಫೆರಿ ಅನ್ನುವ ಅಳತೆ ಜಾಗ ಇದೆ, ನಮ್ಮ ಬಿಳಿಗುಂಡ್ಲು ಇದ್ದ ಹಾಗೆ. ಆದರೆ ಬಿಳಿಗುಂಡ್ಲುವಿನಲ್ಲಿ ತಿಂಗಳ ಲೆಕ್ಕ, ವರ್ಷಕ್ಕೆ 177.25 ಟಿಎಂಸಿ. ಲೀ ಫೆರಿಯಲ್ಲಿ ಹತ್ತು ವರ್ಷದ ಒಟ್ಟು ಲೆಕ್ಕ: ಯಾವುದೇ ಸತತ ಹತ್ತು ವರ್ಷದಲ್ಲಿ 750 ಲಕ್ಷ ಎಕರೆ-ಅಡಿಗಿಂತ ಹರಿವು ಕಡಿಮೆಯಾಗುವಂತೆ ಮೇಲಿನವರು ಬಳಸಬಾರದು.

ಇನ್ನೊಂದು ಮುಖ್ಯ ವ್ಯತ್ಯಾಸ. ನಮ್ಮಲ್ಲಿ ಸಂಕಷ್ಟದ ವರ್ಷ ಎಲ್ಲರೂ ಅನುಪಾತದಲ್ಲಿ ಕಷ್ಟ ಹಂಚಿಕೊಳ್ಳಬೇಕು ಅನ್ನುವ ತತ್ವ. ಅಲ್ಲಿ ಮೊದಲು ಬಳಸಿದವನಿಗೆ ಮೊದಲ ಹಕ್ಕು. ಹಿರಿಯ ಹಕ್ಕಿನವನಿಗೆ ಪೂರ್ತಿ, ಕಿರಿಯವನಿಗೆ ಉಳಿದರೆ ಉಂಟು. ಗಾತ್ರವನ್ನೂ ನೋಡಿ: ಮೀಡ್ ಸರೋವರ ತುಂಬಿದರೆ 1,100 ಟಿಎಂಸಿಗೂ ಹೆಚ್ಚು, ಕೆಆರ್‌ಎಸ್ 49.45. ನಮ್ಮ ಜಲಾಶಯ ಒಂದು ಮುಂಗಾರಿಗೆ ತುಂಬುತ್ತೆ. ಅದು ಇಳಿಯಲು ಇಪ್ಪತ್ತು ವರ್ಷ ತೆಗೆದುಕೊಂಡಿತು, ಹಾಗಾಗಿಯೇ ಬಹಳ ಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹಳೇದಾಖಲೆ

ನೀರಿನ ಇತಿಹಾಸ 1922ರಿಂದ ಶುರುವಾಗುವುದಿಲ್ಲ ಸ್ವಾಮಿ. ಫೀನಿಕ್ಸ್ ಕಣಿವೆಯಲ್ಲಿ ಹೊಹೊಕಾಮ್ ಜನ ಸುಮಾರು ಕ್ರಿ.ಶ. 450ರಿಂದ 1450ರವರೆಗೆ ಕೈಯಿಂದಲೇ ನೂರಾರು ಕಿ.ಮೀ. ಕಾಲುವೆ ತೋಡಿ ಸಾಲ್ಟ್ ನದಿಯ ನೀರಿನಲ್ಲಿ ಮುಸುಕಿನ ಜೋಳ, ಹುರುಳಿಜಾತಿಯ ಕಾಳು, ಕುಂಬಳ, ಹತ್ತಿ ಬೆಳೆದರು. 1867ರಲ್ಲಿ ಜ್ಯಾಕ್ ಸ್ವಿಲ್ಲಿಂಗ್ ಕಾಲುವೆ ಕಂಪನಿ ಕಟ್ಟಿದಾಗ ಬಳಸಿಕೊಂಡದ್ದು ಅದೇ ಹಳೇ ಕಾಲುವೆಗಳ ಜಾಡು. ಹಾಳುಬಿದ್ದ ಊರಿನ ಮೇಲೆ ಎದ್ದ ಊರಾದ್ದರಿಂದಲೇ, ಬೂದಿಯಿಂದ ಮತ್ತೆ ಹುಟ್ಟುವ ಪುರಾಣದ ಹಕ್ಕಿ ಫೀನಿಕ್ಸ್‌ನ ಹೆಸರು ಬಂತು. ಮೇಸಾ ಊರಿನಲ್ಲಿ ಹಳೇ ಕಾಲುವೆಗಳ ತಗ್ಗು ಇವತ್ತಿಗೂ ನೋಡಬಹುದು.

ಆಡಳಿತದ ಕಥೆ ಚುಟುಕಾಗಿ. 1539-40ರಲ್ಲಿ ಸ್ಪೇನ್‌ನವರು ಬಂದರು. ಕೊರೊನಾಡೊ ದಂಡಿನ ಗಾರ್ಸಿಯಾ ಲೋಪೆಸ್ ದೆ ಕಾರ್ದೆನಾಸ್ ಗ್ರ್ಯಾಂಡ್ ಕ್ಯಾನ್ಯನ್ ಕಂಡ ಮೊದಲ ಯುರೋಪಿಯನ್. ಪಾದ್ರಿ ಕೀನೊ 1690ರ ದಶಕದಲ್ಲಿ ಮಿಷನ್‌ಗಳನ್ನು ಕಟ್ಟತೊಡಗಿದರು. ಟೂಸಾನ್ ಬಳಿಯ ಸಾನ್ ಹವಿಯೆರ್ ದೆಲ್ ಬಾಕ್ ಚರ್ಚಿನ ಈಗಿನ ಕಟ್ಟಡ 1797ರಲ್ಲಿ ಮುಗಿದದ್ದು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು, 1848ರ ಗ್ವಾದಲೂಪೆ ಇದಾಲ್ಗೊ ಒಡಂಬಡಿಕೆಯಲ್ಲಿ ಹೀಲಾ ನದಿಯ ಉತ್ತರದ ನೆಲ ಅಮೆರಿಕಕ್ಕೆ ಹೋಯಿತು. ಟೂಸಾನ್ ಆಗಲೂ ಮೆಕ್ಸಿಕೊದ್ದೇ. ದಕ್ಷಿಣದ ಭಾಗ ಸೇರಿದ್ದು 1853ರ ಡಿಸೆಂಬರ್ 30ರಂದು ಸಹಿಯಾದ ಗ್ಯಾಡ್ಸ್‌ಡನ್ ಖರೀದಿಯಿಂದ: ಸುಮಾರು 76,800 ಚದರ ಕಿ.ಮೀ., ಒಂದು ಕೋಟಿ ಡಾಲರ್. ಬೆಟ್ಟ ಹತ್ತದೆ ದಕ್ಷಿಣದ ಬಯಲಿನಲ್ಲೇ ರೈಲು ಹಾಕಬೇಕು ಅನ್ನುವುದು ಉದ್ದೇಶ. ಆ ರೈಲು ಟೂಸಾನ್ ಮುಟ್ಟಿದ್ದು 1880ರಲ್ಲಿ.

1863ರ ಫೆಬ್ರುವರಿ 24ರಂದು ಲಿಂಕನ್ ಸಹಿ ಹಾಕಿ ಅರಿಜೋನಾ ಪ್ರಾಂತ ನ್ಯೂ ಮೆಕ್ಸಿಕೊದಿಂದ ಬೇರೆಯಾಯಿತು. ಅದಕ್ಕೂ ಮೊದಲು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯ ಸರ್ಕಾರ ಪೂರ್ವ-ಪಶ್ಚಿಮ ಗೆರೆ ಎಳೆದು ಅದರ ದಕ್ಷಿಣದ ಭಾಗವನ್ನು ಅರಿಜೋನಾ ಅಂದಿತ್ತು. ಲಿಂಕನ್ ಸರ್ಕಾರ ಉತ್ತರ-ದಕ್ಷಿಣ ಗೆರೆ ಎಳೆಯಿತು. ಇವತ್ತಿನ ಪೂರ್ವ ಗಡಿ ಅದೇ. ವಾಯವ್ಯ ಮೂಲೆಯನ್ನು 1866ರಲ್ಲಿ ಕಾಂಗ್ರೆಸ್ ನೆವಾಡಾಕ್ಕೆ ಕೊಟ್ಟಿತು. ಈಗಿನ ಲಾಸ್ ವೇಗಸ್ ಇರುವುದು ಆ ಮೂಲೆಯಲ್ಲಿ. ರಾಜಧಾನಿ ಪ್ರೆಸ್ಕಾಟ್‌ನಿಂದ 1867ರಲ್ಲಿ ಟೂಸಾನ್‌ಗೆ, 1877ರಲ್ಲಿ ಮತ್ತೆ ಪ್ರೆಸ್ಕಾಟ್‌ಗೆ, 1889ರಲ್ಲಿ ಫೀನಿಕ್ಸ್‌ಗೆ.

ರಾಜ್ಯವಾಗುವಾಗ ಒಂದು ಗಮನಿಸಬೇಕಾದ ಘಟನೆ. ನ್ಯಾಯಾಧೀಶರನ್ನು ಮತದಾರರೇ ವಾಪಸ್ ಕರೆಸಬಹುದು ಅಂತ ಸಂವಿಧಾನದಲ್ಲಿ ಬರೆದಿದ್ದರು, ಅಧ್ಯಕ್ಷ ಟಾಫ್ಟ್ 1911ರಲ್ಲಿ ತಿರಸ್ಕರಿಸಿದರು. ಆ ಕಲಂ ತೆಗೆದು 1912ರ ಫೆಬ್ರುವರಿ 14ರಂದು 48ನೇ ರಾಜ್ಯವಾದರು, ಅದೇ ನವೆಂಬರ್‌ನಲ್ಲಿ ಮತ ಹಾಕಿ ಕಲಂ ವಾಪಸ್ ಸೇರಿಸಿದರು. ಹೆಂಗಸರಿಗೆ ಮತದ ಹಕ್ಕೂ ಅದೇ ಚುನಾವಣೆಯಲ್ಲಿ ಬಂತು.

ತಾಮ್ರದ ಬಗ್ಗೆ ಒಂದು ಮಾತು ಬಿಡಬಾರದು. ಇವತ್ತಿಗೂ ಅಮೆರಿಕದ ತಾಮ್ರದ ಮೂರರಲ್ಲಿ ಎರಡು ಪಾಲು ಅರಿಜೋನಾದ್ದು. ಬಿಸ್ಬೀ ಗಣಿಯ ಮುಷ್ಕರ ಮುರಿಯಲು 1917ರ ಜುಲೈ 12ರಂದು ಸುಮಾರು 1,200 ಕಾರ್ಮಿಕರನ್ನು ಬಂದೂಕು ತೋರಿಸಿ ದನದ ರೈಲುಡಬ್ಬಿಗಳಿಗೆ ತುಂಬಿ ನ್ಯೂ ಮೆಕ್ಸಿಕೊದ ಬಯಲಿನಲ್ಲಿ ಬಿಟ್ಟುಬಂದರು. ಅರಿಜೋನಾ ಚರಿತ್ರೆ ಅಂದರೆ ಟೂಮ್‌ಸ್ಟೋನ್‌ನ ಗುಂಡಿನ ಕಾಳಗ ಮಾತ್ರ ಅಂತ ಬರೆಯುವವರು ಇದನ್ನು ಓದಬೇಕು.

ಕುಂಬಾರಬೀದಿ

ಹಳೇದಾಖಲೆ ಅವರೇ, ಮೂಲನಿವಾಸಿಗಳನ್ನು ಹೊಹೊಕಾಮ್‌ಗೇ ನಿಲ್ಲಿಸಿದರೆ ಅವರು ಅಳಿದುಹೋದವರು ಅನ್ನಿಸುತ್ತದೆ. ಅರಿಜೋನಾದಲ್ಲಿ ಇವತ್ತು ಕೇಂದ್ರ ಸರ್ಕಾರ ಮಾನ್ಯ ಮಾಡಿದ 22 ಬುಡಕಟ್ಟು ರಾಷ್ಟ್ರಗಳಿವೆ, ರಾಜ್ಯದ ನೆಲದ ಕಾಲುಭಾಗಕ್ಕಿಂತ ಹೆಚ್ಚು ಅವರದು. ಖಾಸಗಿ ಜಮೀನು ಐದನೇ ಒಂದು ಪಾಲೂ ಇಲ್ಲ. ಹೋಪಿ ಜನರ ಒರೈಬಿ ಹಳ್ಳಿಯಲ್ಲಿ ಹನ್ನೆರಡನೇ ಶತಮಾನದಿಂದ ಜನ ಬಿಡದೆ ವಾಸವಾಗಿದ್ದಾರೆ. 1864ರಲ್ಲಿ ನವಾಹೊ ಜನರನ್ನು ಸೈನ್ಯ ನೂರಾರು ಕಿ.ಮೀ. ನಡೆಸಿಕೊಂಡು ನ್ಯೂ ಮೆಕ್ಸಿಕೊಗೆ ಅಟ್ಟಿತು. 1868ರ ಒಡಂಬಡಿಕೆಯಲ್ಲಿ ಅವರು ತಮ್ಮ ನೆಲಕ್ಕೇ ವಾಪಸಾದರು. 1924ರಲ್ಲಿ ಪೌರತ್ವ ಬಂದರೂ ಅರಿಜೋನಾ ಅವರಿಗೆ ಮತ ಹಾಕಲು ಬಿಟ್ಟದ್ದು 1948ರಲ್ಲಿ, ಕೋರ್ಟ್ ತೀರ್ಪಿನ ಮೇಲೆ.

ನೀರಿನ ಎಳೆ ಇಲ್ಲೂ ಇದೆ. ಹೀಲಾ ನದಿ ದಂಡೆಯ ಅಕಿಮೆಲ್ ಓದಮ್ ರೈತರು ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಪ್ರಯಾಣಿಕರಿಗೂ ಸೈನ್ಯಕ್ಕೂ ಗೋಧಿ ಮಾರುತ್ತಿದ್ದವರು. ಮೇಲ್ಭಾಗದ ವಲಸಿಗರು ನದಿ ತಿರುಗಿಸಿಕೊಂಡ ಮೇಲೆ ಹೊಲ ಒಣಗಿ ಉಪವಾಸ ಬಿದ್ದರು. ಆ ಅನ್ಯಾಯಕ್ಕೆ ಪರಿಹಾರ ಸಿಕ್ಕಿದ್ದು 2004ರ ಕಾಯ್ದೆಯಲ್ಲಿ: ಹೀಲಾ ರಿವರ್ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ, ಅಂದರೆ 28 ಟಿಎಂಸಿಗೂ ಹೆಚ್ಚು. ಈಗ ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್ ನಾಲೆಯ ಅತಿ ದೊಡ್ಡ ಹಕ್ಕುದಾರರಲ್ಲಿ ಅವರೂ ಒಬ್ಬರು. ಕಡಿತದ ಮಾತುಕತೆಗೆ ಅವರಿಲ್ಲದೆ ಕೂರುವಂತಿಲ್ಲ.

ಕಲ್ಲುಬಂಡೆ

ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಇಲ್ಲಿವರೆಗೆ ಒಂದು ಸಾಲು ಮಾತ್ರ! ನದಿಯ ಜಾಡಿನಲ್ಲಿ 446 ಕಿ.ಮೀ. ಉದ್ದ, ಅಗಲ ಕೆಲವೆಡೆ 29 ಕಿ.ಮೀ., ಆಳ ಒಂದೂವರೆ ಕಿ.ಮೀ.ಗೂ ಮಿಗಿಲು. ಪ್ರಸ್ಥಭೂಮಿ ಮೇಲೆದ್ದ ಹಾಗೆ ಕೊಲೊರಾಡೊ ನದಿ ಕೆಳಗೆ ಕೊರೆದದ್ದು. ಅಂಚಿನಲ್ಲಿ ನಿಮ್ಮ ಕಾಲಡಿಗೆ ಇರುವ ಕೈಬಾಬ್ ಸುಣ್ಣಕಲ್ಲು ಸುಮಾರು 27 ಕೋಟಿ ವರ್ಷದ್ದು. ತಳದಲ್ಲಿ ಕಪ್ಪಗೆ ಮಿನುಗುವ ಪದರಶಿಲೆ 170 ಕೋಟಿ ವರ್ಷದ್ದು. ಅದರ ಹೆಸರು ವಿಷ್ಣು ಶಿಸ್ಟ್.

ಹೌದು, ನಮ್ಮ ವಿಷ್ಣುವೇ. 1880ರ ಹೊತ್ತಿಗೆ ಸರ್ವೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ ಅಲ್ಲಿನ ಶಿಖರಗಳಿಗೆ ಪೂರ್ವ ದೇಶಗಳ ದೇವರ ಹೆಸರಿಡುವ ಪದ್ಧತಿ ಶುರುಮಾಡಿದರು. ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಎಲ್ಲ ಬಂಡೆಯ ಶಿಖರಗಳು. ಗುಡಿ ಹುಡುಕಿಕೊಂಡು ಹೋಗಬೇಡಿ. ಹೋಲಿಸಿ ನೋಡುವ ಆಸೆ ಇದ್ದರೆ ಲಾಲ್‌ಬಾಗ್‌ನ ಬಂಡೆ ಹತ್ತಿ: ಆ ನೈಸ್ ಶಿಲೆ ಸುಮಾರು 300 ಕೋಟಿ ವರ್ಷದ್ದು, ಕ್ಯಾನ್ಯನ್ ತಳಕ್ಕಿಂತ ಎಷ್ಟೋ ಹಳೆಯದು.

ನೋಡಲೇಬೇಕಾದದ್ದು ವಿಷ್ಣು ಶಿಸ್ಟ್ ಮೇಲೆ ಟ್ಯಾಪೀಟ್ಸ್ ಮರಳುಗಲ್ಲು ಕೂರುವ ಗೆರೆ. ಕೆಳಗಿನದು 170 ಕೋಟಿ, ಮೇಲಿನದು 50 ಕೋಟಿ ಚಿಲ್ಲರೆ. ನಡುವಿನ ನೂರು ಕೋಟಿಗೂ ಹೆಚ್ಚು ವರ್ಷದ ದಾಖಲೆ ಸವೆದು ಹೋಗಿದೆ, ಎರಡೂ ಕಲ್ಲಿನ ಮೇಲೆ ಒಂದೇ ಅಂಗೈ ಊರಬಹುದು.

ಹೆದ್ದಾರಿ

ಕೆಳಗೆ ಇಳಿಯುವವರಿಗೆ. ಬ್ರೈಟ್ ಏಂಜೆಲ್ ದಾರಿಯಲ್ಲಿ ತಳದ ಫ್ಯಾಂಟಮ್ ರ‍್ಯಾಂಚ್‌ಗೆ 15-16 ಕಿ.ಮೀ., ಇಳಿತ 1,300 ಮೀಟರ್ ದಾಟುತ್ತೆ. ಸೌತ್ ಕೈಬಾಬ್ ದಾರಿ 11 ಕಿ.ಮೀ., ಕಡಿದು, ದಾರಿಯಲ್ಲಿ ಒಂದು ಹನಿ ನೀರಿಲ್ಲ. ಇಲ್ಲಿ ಬೆಟ್ಟ ಹತ್ತುವುದರ ಉಲ್ಟಾ: ಸುಲಭದ ಇಳಿತ ಮೊದಲು, ದಣಿದ ಮೇಲೆ ಏರು. ಇಳಿದ ಹೊತ್ತಿನ ಎರಡರಷ್ಟು ಏರಲು ಇಟ್ಟುಕೊಳ್ಳಿ. ತಳ ಅಂಚಿಗಿಂತ ಹತ್ತು-ಹನ್ನೊಂದು ಡಿಗ್ರಿ ಹೆಚ್ಚು ಬಿಸಿ, ಅದಕ್ಕೇ ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನಡೆಯಬೇಡಿ ಅಂತ ಪಾರ್ಕಿನವರು ಹೇಳೋದು. ಒಂದೇ ದಿನದಲ್ಲಿ ನದಿ ಮುಟ್ಟಿ ವಾಪಸ್ ಬರುವ ಯೋಚನೆ ಬಿಡಿ.

ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗುತ್ತೆ. ಬಿಸಿಲಿನ ಏಟು ಅಂದುಕೊಂಡು ಇನ್ನಷ್ಟು ನೀರು ಕುಡಿಸಿದರೆ ಕೆಡುತ್ತೆ. ಉಪ್ಪು ಹಚ್ಚಿದ ಕಡಲೆಬೀಜ, ಚಕ್ಕುಲಿ ಜೊತೆಗಿರಲಿ. ಕ್ಯಾನ್ಯನ್ ಒಳಗಿನ ನೀರಿನ ಪೈಪು 1960ರ ದಶಕದ್ದು, ಆಗಾಗ ಒಡೆಯುತ್ತೆ. ನಲ್ಲಿ ಬರುತ್ತಿದೆಯಾ ಅಂತ ಹೊರಡುವ ದಿನವೇ ವಿಚಾರಿಸಿ. ದಕ್ಷಿಣ ಅಂಚಿನಿಂದ ಉತ್ತರ ಅಂಚು ಕಣ್ಣಿಗೆ ಹತ್ತಿರ, ರಸ್ತೆಯಲ್ಲಿ 345 ಕಿ.ಮೀ. ಉತ್ತರದ್ದು ಚಳಿಗಾಲದಲ್ಲಿ ಮುಚ್ಚಿರುತ್ತೆ, ಅಲ್ಲಿನ ಹಳೇ ಲಾಡ್ಜ್ 2025ರ ಜುಲೈ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು.

ಬಯಲುಸೀಮೆ

ಟೈಮ್ ವಿಚಾರ ಯಾರೂ ಹೇಳಲಿಲ್ಲ. ಊರಿಗೆ ಫೋನ್ ಮಾಡೋದಕ್ಕೆ ಎಷ್ಟು ಗಂಟೆ ವ್ಯತ್ಯಾಸ?

ನಕ್ಷೆಗಾರ

ವರ್ಷವಿಡೀ ಹನ್ನೆರಡೂವರೆ ಗಂಟೆ. 1968ರಿಂದ ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವುದಿಲ್ಲ. ಸುಡುವ ಊರಿನಲ್ಲಿ ಸಂಜೆ ಬೆಳಕು ಹೆಚ್ಚಿಸಿಕೊಂಡು ಯಾರಿಗೂ ಲಾಭವಿಲ್ಲ. ಫೀನಿಕ್ಸ್‌ನಲ್ಲಿ ರಾತ್ರಿ 9 ಅಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗ್ಗೆ 9.30. ತೊಂದರೆ ಆಗುವುದು ಈಶಾನ್ಯದಲ್ಲಿ. ನವಾಹೊ ರಾಷ್ಟ್ರ ಗಡಿಯಾರ ಬದಲಿಸುತ್ತದೆ, ಅದರ ಹೊಟ್ಟೆಯೊಳಗಿರುವ ಹೋಪಿ ನೆಲ ಬದಲಿಸುವುದಿಲ್ಲ. ಪೇಜ್ ಊರು, ಆಂಟಿಲೋಪ್ ಕ್ಯಾನ್ಯನ್ ಪ್ರವಾಸದವರು ಫೀನಿಕ್ಸ್ ಸಮಯದಲ್ಲೇ, ಮಾನ್ಯುಮೆಂಟ್ ವ್ಯಾಲಿ ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ. ಟವರ್ ಬದಲಾದ ಹಾಗೆ ಮೊಬೈಲ್ ಗಡಿಯಾರವೂ ಕುಣಿಯುತ್ತದೆ. ಸೆಟ್ಟಿಂಗ್‌ನಲ್ಲಿ ತಾನಾಗಿ ಬದಲಾಗುವುದನ್ನು ನಿಲ್ಲಿಸಿ ಫೀನಿಕ್ಸ್ ಅಂತ ಇಟ್ಟುಬಿಡಿ.

ಶಾಲ್ಮಲಾ

ಫೀನಿಕ್ಸ್ ಹೊರವಲಯದಲ್ಲಿ ಒಂದೆರಡು ಎಕರೆ ಜಾಗ ಅಗ್ಗಕ್ಕೆ ಸಿಗುತ್ತಿದೆ, ಬೋರ್‌ವೆಲ್ ಹಾಕಿಸಿಕೊಂಡರೆ ಆಯಿತು ಅಂತ ಏಜೆಂಟರು ಹೇಳುತ್ತಾರಂತೆ. ನೆಂಟರು ಕೇಳುತ್ತಿದ್ದಾರೆ. ಏನು ನೋಡಬೇಕು?

ನಾಲೆನೀರು

ಮೇಡಂ, 1980ರ ಅಂತರ್ಜಲ ಕಾಯ್ದೆ ಪ್ರಕಾರ ಫೀನಿಕ್ಸ್, ಟೂಸಾನ್, ಪೀನಲ್, ಪ್ರೆಸ್ಕಾಟ್ ಮುಂತಾದ ನಿರ್ವಹಣಾ ವಲಯಗಳಲ್ಲಿ ಬಡಾವಣೆ ಮಾಡುವವನು ನೂರು ವರ್ಷಕ್ಕೆ ಸಾಕಾಗುವ ನೀರು ಇದೆ ಅಂತ ತೋರಿಸಲೇಬೇಕು. ಆದರೆ ಜಾಗವನ್ನು ಆರಕ್ಕಿಂತ ಕಡಿಮೆ ನಿವೇಶನವಾಗಿ ಒಡೆದು ಮಾರಿದರೆ ಅದು ಬಡಾವಣೆ ಅನ್ನಿಸಿಕೊಳ್ಳುವುದಿಲ್ಲ, ನಿಯಮ ಅನ್ವಯಿಸುವುದಿಲ್ಲ. ಅಗ್ಗದ ಜಾಗಗಳಲ್ಲಿ ಬಹಳಷ್ಟು ಈ ಸಂದಿಯಿಂದ ಬಂದವು. 2023ರಲ್ಲಿ ಸ್ಕಾಟ್ಸ್‌ಡೇಲ್ ನಗರ ಟ್ಯಾಂಕರ್ ನೀರು ನಿಲ್ಲಿಸಿದಾಗ ರಿಯೊ ವರ್ಡೆ ಫುಟ್‌ಹಿಲ್ಸ್‌ನ ನೂರಾರು ಮನೆಗಳು ಒದ್ದಾಡಿದ್ದು ಹೀಗೆಯೇ. ಅದೇ ವರ್ಷ ಜೂನ್‌ನಲ್ಲಿ, ಫೀನಿಕ್ಸ್ ವಲಯದಲ್ಲಿ ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗಳಿಗೆ ಇನ್ನು ಪ್ರಮಾಣಪತ್ರ ಕೊಡುವುದಿಲ್ಲ ಅಂತ ರಾಜ್ಯ ಹೇಳಿತು.

ಮೊದಲು ಆ ನಿವೇಶನಕ್ಕೆ ನೂರು ವರ್ಷದ ಪ್ರಮಾಣಪತ್ರ ಇದೆಯೇ, ಇಲ್ಲವೇ ಪ್ರಮಾಣಪತ್ರ ಇರುವ ನೀರು ಸರಬರಾಜು ಸಂಸ್ಥೆಯ ವ್ಯಾಪ್ತಿಯೊಳಗೆ ಬರುತ್ತದೆಯೇ ಕೇಳಿ. ಎರಡೂ ಇಲ್ಲದಿದ್ದರೆ ಸುತ್ತಲಿನ ಬಾವಿಗಳ ದಾಖಲೆ ತೆಗೆಯಿರಿ. ರಾಜ್ಯದ ಜಲಸಂಪನ್ಮೂಲ ಇಲಾಖೆಯಲ್ಲಿ ಪ್ರತಿ ಬಾವಿಗೂ 55 ಅಂತ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಕೊರೆದ ವರ್ಷ, ಆಳ, ಆಗ ನೀರು ಸಿಕ್ಕ ಮಟ್ಟ ಅದರಲ್ಲಿರುತ್ತದೆ. ಒಂದೇ ಬೀದಿಯಲ್ಲಿ ಬಾವಿಗಳನ್ನು ಮತ್ತೆ ಮತ್ತೆ ಆಳ ಮಾಡಿಸಿದ್ದು ಕಂಡರೆ ದೂರ ಇರಿ. ಮನೆ ಬಳಕೆಯ ಬಾವಿಗೆ ಪಂಪಿನ ಮಿತಿ ನಿಮಿಷಕ್ಕೆ 35 ಗ್ಯಾಲನ್, ಅಂದರೆ 132 ಲೀಟರ್. ಕೊನೆಯದಾಗಿ, ಪೀನಲ್ ಕಡೆ ಜಾಗವಾದರೆ ರಾಜ್ಯ ಭೂವಿಜ್ಞಾನ ಸಂಸ್ಥೆಯ ಬಿರುಕು ನಕ್ಷೆ ನೋಡಿ. ಅಂತರ್ಜಲ ಎಳೆದು ಎಳೆದು ಎಲೊಯ್ ಸುತ್ತ ನೆಲ ಹತ್ತು ಅಡಿಗೂ ಹೆಚ್ಚು ಕುಸಿದಿದೆ, ಕುಸಿದ ಅಂಚಿನಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಮಳೆ ನೀರು ಹೊಕ್ಕಾಗ ಕೂದಲೆಳೆಯಂಥ ಬಿರುಕು ಒಂದೇ ರಾತ್ರಿಯಲ್ಲಿ ಆಳದ ಕಂದಕವಾಗಿ ಬಾಯಿ ಬಿಡಬಹುದು, ಮಾಮೂಲಿ ಮನೆ ವಿಮೆ ಇಂಥ ನೆಲ ಕುಸಿತಕ್ಕೆ ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ.